ಪೊರೆ ದಾಟುವ ನೀರು, ಗಡಿ ದಾಟುವ ಮಾತು

ಅಥಣಿ ತಾಲ್ಲೂಕಿನ ತೆಲಸಂಗ, ಐಗಳಿ ಕಡೆ ಬಿಸಿಲು ಏರತೊಡಗಿದ ಹಾಗೆ ಹೊಲದ ನಡುವಿನ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗಲು ಶುರುವಾಗುತ್ತದೆ. ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ನೆರಳಿನಲ್ಲಿ ಹರಡಿದರೆ ಎರಡು ವಾರದ ಆಚೀಚೆ ಮನೂಕ ಸಿದ್ಧ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಒಣಗಿ ಒಂದು ಕಿಲೋ ಆಗುತ್ತದೆ. ಉಳಿದದ್ದೆಲ್ಲ ಗಾಳಿಗೆ ಹೋದ ನೀರು. ಇದೇ ಮನೂಕವನ್ನು 9ನೇ ತರಗತಿಯ ವಿಜ್ಞಾನ ಪಾಠದಲ್ಲಿ ಮಕ್ಕಳ ಕೈಯಿಂದ ನೀರಿನ ಲೋಟಕ್ಕೆ ಹಾಕಿಸುತ್ತಾರೆ. ಕೆಲವು ಗಂಟೆಗಳಲ್ಲಿ ಸುಕ್ಕು ಬಿಚ್ಚಿ, ಮೈ ತುಂಬಿ, ಅದು ಮತ್ತೆ ದ್ರಾಕ್ಷಿಯ ಆಕಾರಕ್ಕೆ ಮರಳುತ್ತದೆ. ಉಬ್ಬಿದ ಆ ಹಣ್ಣನ್ನು ಗಟ್ಟಿ ಸಕ್ಕರೆ ಪಾಕದಲ್ಲಿಟ್ಟರೆ ನೀರು ಹೊರಬಂದು ಪುನಃ ಮುದುಡುತ್ತದೆ. ಕನ್ನಡ ಪಠ್ಯ ಈ ಕ್ರಿಯೆಯನ್ನು ಅಭಿಸರಣೆ ಎನ್ನುತ್ತದೆ, ಇಂಗ್ಲಿಷ್ ಆಸ್ಮೋಸಿಸ್ ಎನ್ನುತ್ತದೆ. ನೀರು ಪೊರೆಯ ಒಳಕ್ಕೆ ನುಗ್ಗುವ ಮೊದಲ ಹಂತಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ಪದವಿದೆ: ಎಂಡಾಸ್ಮೋಸಿಸ್. ಹೊರಕ್ಕೆ ಹೋಗುವುದು ಎಕ್ಸಾಸ್ಮೋಸಿಸ್.

ಜೀವಶಾಸ್ತ್ರದ ಪುಸ್ತಕಗಳಲ್ಲೂ ಎಂಡಾಸ್ಮೋಸಿಸ್ ಎಂಬ ಪದ ಈಗ ಅಪರೂಪ. ಹಾಗಿದ್ದರೂ ಭಾರತದ ಪ್ರಜಾಪ್ರಭುತ್ವದ ಚಿಂತನೆಯಲ್ಲಿ ಅದಕ್ಕೆ ಖಾಯಂ ಜಾಗವಿದೆ. ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಬದುಕಿನ ಎರಡು ಮುಖ್ಯ ಘಟ್ಟಗಳಲ್ಲಿ ಇದನ್ನು ಕೈಗೆತ್ತಿಕೊಂಡರು. ಅವರ ಇಂಗ್ಲಿಷ್ ಬರಹ ಓದಲು ಕೂತವರು ಈ ಒಂದು ಪದದ ಬಳಿ ತಡವರಿಸುವುದು ಸಹಜ. ನಿಘಂಟು ತೆರೆದರೆ ಪೊರೆ, ದ್ರವ, ಸಾಂದ್ರತೆ ಎಂಬ ಮಾತುಗಳು ಸಿಗುತ್ತವೆ. ಜಾತಿಯ ಬಗ್ಗೆ ಬರೆದ ವಾಕ್ಯದಲ್ಲಿ ಸಾಂದ್ರತೆ ಯಾಕೆ ಬಂತು ಎಂಬುದು ಮಾತ್ರ ತಿಳಿಯುವುದಿಲ್ಲ.

ಚಿಕ್ಕೋಡಿ, ಅಥಣಿ, ರಾಯಬಾಗದಂಥ ಊರುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಜನ ಕಠಿಣ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಾರೆ. ಎಡಗಡೆ ಪದ, ಬಲಗಡೆ ಒಂದು ಅರ್ಥ. ನಾಲ್ಕು ಆಯ್ಕೆಯ ಪ್ರಶ್ನೆಗೆ ಅಷ್ಟು ಸಾಕಾಗಬಹುದು, ಪದ ಮಾತ್ರ ಕೈಗೆ ಸಿಕ್ಕಿರುವುದಿಲ್ಲ. ಪದ ಯಾವ ಚಿತ್ರದಿಂದ ಹುಟ್ಟಿತು, ಆ ಚಿತ್ರದಲ್ಲಿ ಏನೇನು ಇರಲೇಬೇಕು, ಯಾರು ಯಾವ ಅಗತ್ಯಕ್ಕೆ ಅದನ್ನು ಎತ್ತಿಕೊಂಡರು ಎಂದು ಕೇಳಿಕೊಂಡಾಗಲೇ ಅದು ನಮ್ಮದಾಗುತ್ತದೆ. ಎಂಡಾಸ್ಮೋಸಿಸ್ ಆ ರೀತಿಯ ಓದಿಗೆ ಒಳ್ಳೆಯ ಉದಾಹರಣೆ. ಬೆಳಗಾವಿ ಜಿಲ್ಲೆಯ ಈ ಗಡಿ ತಾಲ್ಲೂಕುಗಳಷ್ಟು ಚೆನ್ನಾಗಿ ಅದನ್ನು ಕಲಿಸಬಲ್ಲ ಸೀಮೆ ಬೇರೆ ಸಿಗುವುದು ಕಷ್ಟ.

ಪದ ಹುಟ್ಟಿದ್ದು ಫ್ರಾನ್ಸಿನಲ್ಲಿ, 1820ರ ದಶಕದಲ್ಲಿ. ಆನ್ರಿ ದ್ಯುತ್ರೋಶೆ ಎಂಬ ಶರೀರವಿಜ್ಞಾನಿ ಪ್ರಾಣಿಯ ಪೊರೆಯ ಚೀಲದಲ್ಲಿ ಗಟ್ಟಿ ದ್ರಾವಣ ತುಂಬಿ ನೀರಿನಲ್ಲಿ ಇಳಿಬಿಟ್ಟ. ಯಾರೂ ಒತ್ತದೆ, ಯಾರೂ ಸುರಿಯದೆ ನೀರು ಒಳಗೆ ಸೇರಿ ಚೀಲ ಬಿಗಿಯಿತು. ಗ್ರೀಕ್ ಭಾಷೆಯಲ್ಲಿ ಎಂಡಾನ್ ಎಂದರೆ ಒಳಗೆ, ಆಸ್ಮೋಸ್ ಎಂದರೆ ನೂಕು. ಎರಡನ್ನೂ ಕೂಡಿಸಿ ಅವನು ಒಳನೂಕಿಗೆ ಹೆಸರಿಟ್ಟ. ಆ ನೂಕಿನ ಬಲ ಅಳೆಯಲು ಎಂಡಾಸ್ಮೋಮೀಟರ್ ಎಂಬ ಸಾಧನವನ್ನೂ ಮಾಡಿದ. ಆಸ್ಮೋಸಿಸ್ ಎಂಬ ಚಿಕ್ಕ ರೂಪ ಚಾಲ್ತಿಗೆ ಬಂದದ್ದು ಆಮೇಲೆ. ಪದ ಉಚ್ಚರಿಸುವಾಗ ಒತ್ತು ‘ಮೋ’ ಮೇಲೆ ಬೀಳಬೇಕು.

ದ್ಯುತ್ರೋಶೆಯ ಚಿತ್ರದಲ್ಲಿ ಮೂರು ಸಂಗತಿಗಳಿವೆ. ನಡುವೆ ಒಂದು ಪೊರೆ ಇರಬೇಕು. ಅದರ ಎರಡು ಬದಿಯಲ್ಲಿ ಇರುವುದು ಒಂದೇ ತೆರನಾಗಿರಬಾರದು. ಪೊರೆ ತಡೆಯುತ್ತಲೇ ದಾಟಲೂ ಬಿಡಬೇಕು. ಪೊರೆಯೇ ಇಲ್ಲದಿದ್ದರೆ ಆಗುವುದು ಬರಿಯ ಬೆರಕೆ. ಪೊರೆ ಏನನ್ನೂ ಬಿಡದಿದ್ದರೆ ಅದು ಗೋಡೆ. ಪದದ ಸತ್ವವೆಲ್ಲ ಇರುವುದು ಮೂರನೆಯ ಷರತ್ತಿನಲ್ಲಿ.

ಪ್ರಯೋಗಶಾಲೆಯ ಪದ ಮನುಷ್ಯರ ಲೋಕಕ್ಕೆ ಬಂದದ್ದು ತತ್ವಜ್ಞಾನಿಗಳ ಮೂಲಕ. ಫ್ರೆಂಚ್ ಚಿಂತಕ ಆನ್ರಿ ಬರ್ಗ್‌ಸನ್ 1889ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಮ್ಮ ಮನಸ್ಸಿನಲ್ಲಿ ಕಾಲದ ಅನುಭವ ಮತ್ತು ಸ್ಥಳದ ಕಲ್ಪನೆ ಒಂದರೊಳಗೊಂದು ಒಸರುವ ಬಗೆಯನ್ನು ವಿವರಿಸಲು ಇದನ್ನು ಬಳಸಿದ. ಅಮೆರಿಕದ ಜಾನ್ ಡೂಯಿ 1916ರ ‘ಡೆಮಾಕ್ರಸಿ ಆ್ಯಂಡ್ ಎಜುಕೇಶನ್’ ಗ್ರಂಥದಲ್ಲಿ ‘ಸೋಶಿಯಲ್’ ಎಂಬ ವಿಶೇಷಣ ಸೇರಿಸಿ ಸಮಾಜಕ್ಕೆ ಅನ್ವಯಿಸಿದ. ಸಮಾಜ ಆಳುವವರು, ಆಳಿಸಿಕೊಳ್ಳುವವರು ಎಂದು ಒಡೆದಾಗ ಅನುಭವಗಳು ಅತ್ತಿಂದಿತ್ತ ಹರಿಯುವುದಿಲ್ಲ ಎಂಬುದು ಅವನ ವಾದ. ನಷ್ಟ ಕೆಳಗಿನವರಿಗಷ್ಟೇ ಅಲ್ಲ ಎಂದೂ ಅವನು ಬರೆದ. ಮೇಲಿನವರ ಸಂಸ್ಕೃತಿಯೂ ಬರಡಾಗುತ್ತದೆ, ಅವರ ಕಲೆ ಬರೀ ತೋರಿಕೆಯಾಗುತ್ತದೆ, ಅವರ ತಿಳಿವಳಿಕೆ ಒಂದೇ ದಿಕ್ಕಿಗೆ ಬೆಳೆದು ಸೊಟ್ಟಗಾಗುತ್ತದೆ. ಪ್ರಯೋಗದ ಚೀಲಕ್ಕೆ ನೀರು ಒಳಮುಖವಾಗಿ ಹರಿದರೆ, ಡೂಯಿಯ ಸಮಾಜದಲ್ಲಿ ಹರಿವು ಎರಡೂ ಕಡೆಗೆ ಬೇಕು. ರೂಪಕವಾಗುವಾಗ ಪದ ತನ್ನ ಮೂಲ ಅರ್ಥವನ್ನು ಹೀಗೆ ಸ್ವಲ್ಪ ಹಿಗ್ಗಿಸಿಕೊಂಡಿತು.

ಅಂಬೇಡ್ಕರ್ 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಡೂಯಿಯ ಪಾಠ ಕೇಳಿದರು. ಊರಿಗೆ ಮರಳಿದ ಮೇಲೆ, 1919ರ ಜನವರಿ 27ರಂದು, ಮತದಾನದ ಹಕ್ಕಿನ ವಿಚಾರಣೆಗೆ ಬಂದಿದ್ದ ಸೌತ್‌ಬರೋ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಆಗ ಅವರು ಮುಂಬಯಿಯ ಸಿಡ್ನಹ್ಯಾಮ್ ಕಾಲೇಜಿನ ಪ್ರಾಧ್ಯಾಪಕರು, ವಯಸ್ಸು 27. ಪ್ರತಿ ಗುಂಪು ತನ್ನವರಲ್ಲಿ ಒಂದೇ ಬಗೆಯ ಮನಸ್ಸನ್ನು ಬೆಳೆಸುತ್ತದೆ, ಗುಂಪುಗಳ ನಡುವೆ ಎಂಡಾಸ್ಮೋಸಿಸ್ ಇದ್ದರೆ ಆ ಮನಸ್ಸುಗಳು ಹತ್ತಿರ ಬರುತ್ತವೆ, ಇಲ್ಲದಿದ್ದರೆ ಎದುರುಬದುರು ನಿಲ್ಲುತ್ತವೆ ಎಂದು ಅವರು ವಿವರಿಸಿದರು. ಮುಟ್ಟಿಸಿಕೊಳ್ಳದ ಸಮಾಜದಲ್ಲಿ ಮುಟ್ಟಬಾರದವರೆನಿಸಿಕೊಂಡವರ ಹಿತವನ್ನು ಬೇರೆ ಯಾರೋ ಪ್ರತಿನಿಧಿಸುವುದು ಸಾಧ್ಯವಿಲ್ಲ ಎಂಬ ವಾದಕ್ಕೆ ಇದೇ ತಳಹದಿ. ಬ್ರಿಟಿಷ್ ಅಧಿಕಾರಿಗಳು ಕೂತ ಸಭೆಯಲ್ಲಿ ಅಲಂಕಾರಕ್ಕೆಂದು ತಂದ ಪದವಲ್ಲ ಅದು. ಪ್ರತ್ಯೇಕ ಪ್ರಾತಿನಿಧ್ಯದ ಬೇಡಿಕೆಯ ಭಾರ ಹೊತ್ತ ಪದ.

17 ವರ್ಷದ ನಂತರ ಅದು ಮತ್ತೆ ಕಾಣಿಸಿತು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕಾಗಿ ಸಿದ್ಧಪಡಿಸಿದ ಭಾಷಣದ ವಿಚಾರಗಳನ್ನು ಸಂಘಟಕರು ಒಪ್ಪಲಿಲ್ಲ. ಸಮಾವೇಶ ರದ್ದಾಯಿತು. ಅಂಬೇಡ್ಕರ್ 1936ರಲ್ಲಿ ಅದನ್ನು ತಾವೇ ಅಚ್ಚು ಹಾಕಿಸಿದರು. ‘ಆ್ಯನಿಹಿಲೇಶನ್ ಆಫ್ ಕಾಸ್ಟ್’ ಎಂಬ ಆ ಪುಸ್ತಕ ‘ಜಾತಿ ವಿನಾಶ’ವಾಗಿ ಕನ್ನಡಕ್ಕೂ ಬಂದಿದೆ. ಜಾತಿ ಬೇಡವೆಂದರೆ ಅದರ ಬದಲು ನಿಮ್ಮ ಆದರ್ಶ ಸಮಾಜ ಯಾವುದು ಎಂದು ಕೇಳುವವರಿಗೆ ಅವರು ಅಲ್ಲಿ ಉತ್ತರ ಕೊಡುತ್ತಾರೆ: ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ. ಭ್ರಾತೃತ್ವವನ್ನು ಬಿಡಿಸಿ ಹೇಳುವಾಗ ಸಾಮಾಜಿಕ ಎಂಡಾಸ್ಮೋಸಿಸ್ ಇರಲೇಬೇಕು ಎನ್ನುತ್ತಾರೆ, ಪ್ರಜಾಪ್ರಭುತ್ವವೆಂದರೆ ಅದೇ ಎಂಬ ತೀರ್ಮಾನಕ್ಕೂ ಬರುತ್ತಾರೆ. ಇಲ್ಲದಿರುವ ಒಂದು ಸ್ಥಿತಿಯನ್ನು ಹೇಳಲು ಡೂಯಿ ದಾರಿಯಲ್ಲಿ ಹೋಗುತ್ತ ಎತ್ತಿದ ಮಾತನ್ನು ಅಂಬೇಡ್ಕರ್ ಇರಬೇಕಾದ ಸ್ಥಿತಿಯ ಹೆಸರಾಗಿ ಮಾಡಿದರು. ಸಂವಿಧಾನದ ಪ್ರಸ್ತಾವನೆಯಲ್ಲಿ ಭ್ರಾತೃಭಾವ ಎಂಬ ಮಾತು ಓದುವಾಗ ಅದರ ಹಿಂದಿನ ಈ ಚಿಂತನೆ ನೆನಪಿರುವುದು ಒಳ್ಳೆಯದು. ಆ ಮಾತು ಬರೀ ಸೌಜನ್ಯವಾಗಿ ಕೇಳದಂತೆ ಅದು ತಡೆಯುತ್ತದೆ.

ಇಲ್ಲಿ ಓದುಗರು ಎತ್ತಬೇಕಾದ ಪ್ರಶ್ನೆಯೊಂದಿದೆ. ಎಂಡಾಸ್ಮೋಸಿಸ್‌ಗೆ ಪೊರೆ ಬೇಕು ಎಂದಾದರೆ ಜಾತಿಯೆಂಬ ಪೊರೆ ಉಳಿದು, ಅದರ ಮೂಲಕ ಕೊಡುಕೊಳೆ ನಡೆದರೆ ಸಾಲದೆ? ಅಂಬೇಡ್ಕರ್ ಇದಕ್ಕೆ 1916ರಲ್ಲೇ ಉತ್ತರ ಕೊಟ್ಟಿದ್ದರು. ಕೊಲಂಬಿಯಾದಲ್ಲಿ ಮಂಡಿಸಿದ ‘ಕಾಸ್ಟ್ಸ್ ಇನ್ ಇಂಡಿಯಾ’ ಪ್ರಬಂಧದಲ್ಲಿ ಅವರು ಜಾತಿಯನ್ನು ಸುತ್ತಲೂ ಮುಚ್ಚಿಕೊಂಡ ವರ್ಗ ಎಂದು ಕರೆದರು. ತನ್ನೊಳಗೇ ಮದುವೆ ಎಂಬ ಕಟ್ಟಳೆಯಿಂದ ಬಾಗಿಲು ಹಾಕಿಕೊಂಡದ್ದು ಅದು. ಏನನ್ನೂ ದಾಟಗೊಡದಿರುವುದೇ ಅದರ ಲಕ್ಷಣವಾಗಿರುವುದರಿಂದ ಅದು ಪೊರೆಯ ಕೆಲಸ ಮಾಡಲಾರದು. ಭಾಷೆ, ಕಸುಬು, ಊರು, ನಂಬಿಕೆಗಳಿಂದಾದ ಗುಂಪುಗಳು ಉಳಿಯಬಹುದು, ಅವುಗಳ ನಡುವೆ ಹರಿವಿದ್ದರೆ ಸಾಕು. ಜಾತಿ ಉಳಿದರೆ ಹರಿವೇ ಇಲ್ಲ. ಒಂದೇ ಪುಸ್ತಕ ವಿನಾಶದ ಮಾತನ್ನೂ ಎಂಡಾಸ್ಮೋಸಿಸ್ ಮಾತನ್ನೂ ಹೇಗೆ ಒಟ್ಟಿಗೆ ಆಡುತ್ತದೆ ಎಂಬುದು ಇಷ್ಟು ಓದಿಕೊಂಡ ಮೇಲೆ ಸ್ಪಷ್ಟವಾಗುತ್ತದೆ.

ಈ ವಿಚಾರಗಳು ಮುಂಬಯಿ, ನ್ಯೂಯಾರ್ಕ್‌ಗಳಲ್ಲೇ ಸುತ್ತಾಡಲಿಲ್ಲ. ಇಂದಿನ ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಶಾಹು ಮಹಾರಾಜರು 1902ರ ಜುಲೈ 26ರಂದು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಶೇ 50ರಷ್ಟು ಮೀಸಲು ಘೋಷಿಸಿದರು. 1920ರ ಮಾರ್ಚ್‌ನಲ್ಲಿ ಅದೇ ಸಂಸ್ಥಾನದ ಮಾಣಗಾಂವ್‌ನಲ್ಲಿ ನಡೆದ ಪರಿಷತ್ತಿನಲ್ಲಿ, ನಿಮಗೆ ನಿಮ್ಮ ನಾಯಕ ಸಿಕ್ಕಿದ್ದಾನೆ ಎಂದು ಶಾಹು ಮಹಾರಾಜರು ಅಂಬೇಡ್ಕರರನ್ನು ಜನರ ಮುಂದೆ ನಿಲ್ಲಿಸಿದರು. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ನಿಪ್ಪಾಣಿಗೆ ಬಂದರು. ಮುಂಬಯಿ ಪ್ರಾಂತ್ಯದ ಶೋಷಿತ ವರ್ಗಗಳ ಪರಿಷತ್ತಿಗೆ ಅಧ್ಯಕ್ಷರಾಗಿ ಬಂದಿದ್ದರು. ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆ ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಸೌತ್‌ಬರೋ ಸಮಿತಿಗೆ ಇಂಗ್ಲಿಷಿನ ಶಾಸ್ತ್ರೀಯ ಪದದಲ್ಲಿ ತಿಳಿಸಿ ಹೇಳಬೇಕಾದದ್ದನ್ನು ಆ ಪರಿಷತ್ತಿಗೆ ಸೇರಿದ್ದ ಜನ ಕೆರೆಯ ದಂಡೆಯಲ್ಲಿ, ಗುಡಿಯ ಬಾಗಿಲಲ್ಲಿ, ಸಾಲಿಯ ಮೂಲೆಯಲ್ಲಿ ಅನುಭವಿಸಿ ಬಲ್ಲವರಾಗಿದ್ದರು.

ಕಾಗವಾಡ ದಾಟಿ ಮೀರಜಿನ ಕಡೆ ಹೊರಟರೆ ಸಿಗುವ ಸಾಂಗ್ಲಿ ಜಿಲ್ಲೆಯ ಒಂದು ಊರು ಈ ಪದಕ್ಕೆ ಇನ್ನೂ ವಿಚಿತ್ರವಾದ ಉದಾಹರಣೆ ಒದಗಿಸುತ್ತದೆ. ಜಗತ್ತಿನ ಭಾಷಾವಿಜ್ಞಾನದ ವಿದ್ಯಾರ್ಥಿಗಳಲ್ಲಿ ಹಲವರು ಆ ಊರಾದ ಕುಪವಾಡದ ಹೆಸರು ಕೇಳಿರುತ್ತಾರೆ. ಜಾನ್ ಗಂಪರ್ಜ್ ಎಂಬ ವಿದ್ವಾಂಸ ರಾಬರ್ಟ್ ವಿಲ್ಸನ್ ಜೊತೆಗೂಡಿ 1971ರಲ್ಲಿ ಪ್ರಕಟಿಸಿದ ಲೇಖನ ಅದರ ಕೀರ್ತಿಗೆ ಕಾರಣ. ಆಗ ಸುಮಾರು 3,000 ಜನಸಂಖ್ಯೆಯ ಹಳ್ಳಿ. ಜೈನ ಒಕ್ಕಲಿಗರು, ಲಿಂಗಾಯತ ಕಸುಬುದಾರರು ಮನೆಯಲ್ಲಿ ಕನ್ನಡ ಆಡುತ್ತಿದ್ದರು. ಮುಸಲ್ಮಾನರ ಮನೆಮಾತು ಉರ್ದು. ದಲಿತರು ಮತ್ತು ಭೂಮಿಯಿಲ್ಲದ ಕೂಲಿಗಳದು ಮರಾಠಿ. ಹಗ್ಗ ಹೊಸೆಯುವವರದು ತೆಲುಗು. ಒಬ್ಬೊಬ್ಬರಿಗೂ ಎರಡು ಮೂರು ಭಾಷೆ ಬರುತ್ತಿತ್ತು. ಶತಮಾನಗಳಿಂದ ಹೀಗೆಯೇ ನಡೆದು ಬಂದಿತ್ತು.

ಗಂಪರ್ಜ್ ಕಂಡದ್ದು ಏನೆಂದರೆ, ಆ ಊರಿನ ಕನ್ನಡ, ಮರಾಠಿ, ಉರ್ದುಗಳ ವ್ಯಾಕರಣ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತ್ತು. ಒಂದರ ವಾಕ್ಯವನ್ನು ಇನ್ನೊಂದಕ್ಕೆ ತಿರುಗಿಸಲು ಪದದ ಜಾಗಕ್ಕೆ ಪದ, ಪ್ರತ್ಯಯದ ಜಾಗಕ್ಕೆ ಪ್ರತ್ಯಯ ಇಟ್ಟರೆ ಸಾಕಿತ್ತು. ಗ್ರಂಥದ ಕನ್ನಡ ‘ಇದು ನಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ನಿಲ್ಲಬಲ್ಲದು. ಮರಾಠಿಗೆ ಅಲ್ಲಿ ‘ಆಹೇ’ ಬೇಕು, ಉರ್ದುವಿಗೆ ‘ಹೈ’ ಬೇಕು. ಕುಪವಾಡದ ಕನ್ನಡವೂ ಇಂಥ ಕಡೆ ‘ಐತಿ’ ಸೇರಿಸುವುದನ್ನು ರೂಢಿ ಮಾಡಿಕೊಂಡಿತ್ತು. ಉರ್ದು ಕೂಡ ಬದಲಾಗಿತ್ತು: ಕೇಳುವವರನ್ನು ಸೇರಿಸಿ ಹೇಳುವ ‘ನಾವು’ ಒಂದು, ಸೇರಿಸದೆ ಹೇಳುವ ‘ನಾವು’ ಇನ್ನೊಂದು ಎಂಬ ಮರಾಠಿಯ ಭೇದ ಅದರೊಳಗೆ ಇಳಿದಿತ್ತು. ವ್ಯಾಕರಣ ಭಾಷೆಯ ಅತಿ ಆಳದ ಪದರ, ಸುಲಭಕ್ಕೆ ಕದಲದ ಪದರ. ಅದೇ ಪೊರೆ ದಾಟಿತ್ತು.

ಹಾಗಾದರೆ ಅಷ್ಟೊಂದು ಹತ್ತಿರ ಬಂದ ಭಾಷೆಗಳು ಒಂದೇ ಆಗಲಿಲ್ಲ ಯಾಕೆ? ಪದಗಳು ಬೇರೆಯಾಗಿಯೇ ಉಳಿದವು. ಕೆಲಸ, ಹೊಲ, ಪಂಚಾಯ್ತಿಯ ಮಾತು ಒಂದು ಕಡೆ, ಮನೆ, ನಂಟಸ್ತಿಕೆಯ ಮಾತು ಇನ್ನೊಂದು ಕಡೆ ಎಂಬ ಕಟ್ಟುನಿಟ್ಟು ಅದಕ್ಕೆ ಕಾರಣ ಎಂದು ಆ ಲೇಖನ ವಿವರಿಸುತ್ತದೆ. ಹೊಲದಲ್ಲಿ ಒಟ್ಟಿಗೆ ದುಡಿದವರು ಸಂಜೆ ತಮ್ಮ ತಮ್ಮ ಒಲೆಯ ಮುಂದೆ ಬೇರೆ ಬೇರೆ ಪದಗಳಿಗೆ ಮರಳುತ್ತಿದ್ದರು. ಬೀಗತನ ನಡೆಯದ ಮನೆಗಳ ನಡುವೆ ಆ ಪದಗಳು ಬೇಲಿಯ ಕೆಲಸ ಮಾಡಿದವು. ಭಾಷೆಯ ವ್ಯಾಕರಣದಲ್ಲಿ ಎಂಡಾಸ್ಮೋಸಿಸ್ ಹೆಚ್ಚುಕಡಿಮೆ ಪೂರ್ಣವಾಗಿ ನಡೆದೂ ಸಮಾಜದಲ್ಲಿ ಅರ್ಧಕ್ಕೇ ನಿಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಾಗಿಲ್ಲ. ಗಡಿನಾಡಿನಲ್ಲಿ ಎಲ್ಲರೂ ಎರಡು ಭಾಷೆ ಆಡುತ್ತಾರೆ, ಆದ್ದರಿಂದ ಎಲ್ಲರೂ ಒಂದೇ ಎಂದು ಬರೆಯುವುದು ಸುಲಭ, ನಿಜ ಅಷ್ಟು ಸುಲಭವಾಗಿಲ್ಲ. ಆ ಹಳ್ಳಿ ಈಗ ಸಾಂಗ್ಲಿ-ಮೀರಜ್-ಕುಪವಾಡ ಮಹಾನಗರಪಾಲಿಕೆಯ ಭಾಗವಾಗಿದೆ.

ಗಡಿಯ ಈಚೆಗೂ ಮಾತಿನ ಹರಿವು ಕಡಿಮೆಯಿಲ್ಲ. ಚಿಕ್ಕೋಡಿ, ರಾಯಬಾಗದ ಕನ್ನಡದಲ್ಲಿ ಬಾಜೂ, ಅಡಚಣಿ, ತ್ರಾಸ, ಗಿರಣಿ ಎಂಬ ಮಾತುಗಳು ಯಾರಿಗೂ ಹೊರಗಿನವು ಅನಿಸುವುದಿಲ್ಲ. ಆಚೆಗೆ ಹೋದವೂ ಇವೆ: ಮರಾಠಿಯ ಅಣ್ಣಾ, ಅಕ್ಕಾ, ಅಪ್ಪಾ ದ್ರಾವಿಡ ಮೂಲದವು, ಅಡಿಕೆ ಕತ್ತರಿಸುವ ಅಡಕಿತ್ತಾ ನಮ್ಮ ಅಡಕತ್ತರಿಯ ನಂಟ. ಪಂಢರಪುರದ ವಿಠ್ಠಲನನ್ನು ಮರಾಠಿಯ ಸಂತ ಜ್ಞಾನದೇವರೇ ಕನ್ನಡದವನೆಂದು ಹಾಡಿದ್ದಾರೆ. ಒಂದೇ ಊರಿನಲ್ಲಿ ಕನ್ನಡ ಮತ್ತು ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳೆರಡೂ ಇರುವುದು ನಿಪ್ಪಾಣಿ ಕಡೆ ಸಾಮಾನ್ಯ ಸಂಗತಿ. ಆ ಮಕ್ಕಳು ಆಟದ ಬಯಲಿನಲ್ಲಿ ಇನ್ನೊಂದು ಭಾಷೆಯನ್ನು ಯಾವ ಪುಸ್ತಕವೂ ಇಲ್ಲದೆ ಕಲಿತುಬಿಡುತ್ತಾರೆ. ಇಂಥ ಕಲಿಕೆಗೆ ಇಂದಿನ ಇಂಗ್ಲಿಷಿನಲ್ಲಿ ‘ಬೈ ಆಸ್ಮೋಸಿಸ್’ ಎಂಬ ನುಡಿಗಟ್ಟಿದೆ: ಪ್ರಯತ್ನಪಟ್ಟು ಕಲಿಯದೆ, ಸುತ್ತಲಿನ ಸಹವಾಸದಿಂದ ಮೈಗೂಡಿಸಿಕೊಳ್ಳುವುದು.

ಇಲ್ಲಿ ಬಳಕೆಯ ವ್ಯತ್ಯಾಸವೊಂದನ್ನು ಗಮನಿಸಬೇಕು. ನಿಪ್ಪಾಣಿಯ ಮಗು ಮರಾಠಿ ಕಲಿತದ್ದು ‘ಬೈ ಆಸ್ಮೋಸಿಸ್’ ಎಂದರೆ ಸರಿ. ಅಲ್ಲಿ ಎಂಡಾಸ್ಮೋಸಿಸ್ ಎಂದರೆ ಓದುವವರು ಮುಖ ನೋಡುತ್ತಾರೆ. ಮೊದಲನೆಯದು ಒಬ್ಬ ವ್ಯಕ್ತಿ ಅರಿವಿಲ್ಲದೆ ಹೀರಿಕೊಂಡದ್ದನ್ನು ಹೇಳುತ್ತದೆ. ಎರಡನೆಯದನ್ನು ಸಾಮಾಜಿಕ ಅರ್ಥದಲ್ಲಿ ಬಳಸುವಾಗ ‘ಸೋಶಿಯಲ್’ ವಿಶೇಷಣ ಜೊತೆಗಿರುವುದೇ ರೂಢಿ, ವಿಷಯ ಗುಂಪುಗಳದಾಗಿರಬೇಕು. ಬಹುವಚನದಲ್ಲಿ ಅದನ್ನು ಬಳಸುವುದಿಲ್ಲ. ಜಾತ್ರೆಯಲ್ಲಿ ಸಾವಿರಾರು ಜನ ಒಂದೆಡೆ ಸೇರಿದ ಮಾತ್ರಕ್ಕೆ ಈ ಪದ ಸಲ್ಲದು, ಏನಾದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಅಲ್ಲಿ ಉಳಿದಿರಬೇಕು. ಚಿಕ್ಕ ಗುಂಪೊಂದು ದೊಡ್ಡದರಲ್ಲಿ ಕರಗಿ ಕಾಣೆಯಾದರೂ ಸಲ್ಲದು, ಅದಕ್ಕೆ ಅಸಿಮಿಲೇಶನ್ ಎಂಬ ಬೇರೆ ಪದವಿದೆ. ಡಿಫ್ಯೂಷನ್ ಎಂಬುದು ಪೊರೆಯ ಹಂಗಿಲ್ಲದ ಹರಡುವಿಕೆ. ವಿಶೇಷಣ ರೂಪ ಎಂಡಾಸ್ಮಾಟಿಕ್.

ಗುಂಪುಗಳ ನಡುವಿನ ಇಂಥ ಹರಿವಿಗೆ ಬೇಕಾದ ಶಕ್ತಿಯನ್ನು ಡೂಯಿ ಹಂಚಿಕೊಂಡ ಹಿತಾಸಕ್ತಿಯಲ್ಲಿ ಗುರುತಿಸಿದ್ದ. 1981ರಲ್ಲಿ ನಿಪ್ಪಾಣಿ ಅದನ್ನು ಕಂಡಿತು. ಕರ್ನಾಟಕ-ಮಹಾರಾಷ್ಟ್ರ ಗಡಿ ವಿವಾದ ಊರನ್ನು ಎರಡು ಮಾಡಿದ್ದ ಕಾಲವದು. ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಶರದ್ ಜೋಶಿ ಅವರ ನೇತೃತ್ವದಲ್ಲಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬಿಡಾರ ಹೂಡಿದರು. ಕನ್ನಡದವರು, ಮರಾಠಿಯವರು ಎಂಬ ಎಣಿಕೆ ಆ ರಸ್ತೆಯ ಮೇಲೆ ಹಿಂದೆ ಸರಿಯಿತು. ಏಪ್ರಿಲ್ 6ರ ಗೋಲಿಬಾರಿನಲ್ಲಿ 12 ರೈತರು ಸತ್ತರು. ಅದೇ ಕಾಲದಲ್ಲಿ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳೂ ಸಂಘ ಕಟ್ಟಿ ಹೋರಾಟಕ್ಕಿಳಿದಿದ್ದರು. ಯುಗಾಂತರ್ ಚಿತ್ರಬಳಗ 1982ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರ ತಯಾರಿಸಿತು. ಹೋರಾಟ ಮುಗಿದ ಮೇಲೆ ಎಲ್ಲ ಅಡ್ಡಗೋಡೆಗಳೂ ಬಿದ್ದವು ಎಂದೇನೂ ಅಲ್ಲ. ಸಾಮಾಜಿಕ ಎಂಡಾಸ್ಮೋಸಿಸ್ ಒಂದು ದಿನದ ಘಟನೆಯಲ್ಲ, ಹಂಚಿಕೊಂಡ ಕೆಲಸ ಇರುವಷ್ಟು ಕಾಲ ನಡೆಯುವ ಕ್ರಿಯೆ.

ಪದವನ್ನು ಅದರ ಮನೆಯಲ್ಲೇ ಕಾಣಬಯಸುವವರಿಗೆ ಅನುಕೂಲವೊಂದಿದೆ. ಮಹಾರಾಷ್ಟ್ರ ಸರ್ಕಾರ ವಸಂತ ಮೂನ್ ಅವರ ಸಂಪಾದಕತ್ವದಲ್ಲಿ 1979ರಲ್ಲಿ ಹೊರತಂದ ಅಂಬೇಡ್ಕರರ ಬರಹ-ಭಾಷಣಗಳ ಇಂಗ್ಲಿಷ್ ಮಾಲೆಯ ಮೊದಲ ಸಂಪುಟದಲ್ಲಿ 1916ರ ಪ್ರಬಂಧ, 1919ರ ಸಾಕ್ಷ್ಯ, 1936ರ ಪುಸ್ತಕ ಮೂರೂ ಒಟ್ಟಿಗಿವೆ. ಪುಟದ ಕ್ರಮ ಬಿಟ್ಟು ಇಸವಿಯ ಕ್ರಮದಲ್ಲಿ ಓದಿದರೆ ಮುಚ್ಚಿಕೊಂಡ ವರ್ಗದಿಂದ ಮತದ ಹಕ್ಕಿಗೆ, ಅಲ್ಲಿಂದ ಭ್ರಾತೃತ್ವಕ್ಕೆ ವಿಚಾರ ಬೆಳೆದ ಬಗೆ ಕಾಣುತ್ತದೆ. ಗಡಿ ತಾಲ್ಲೂಕುಗಳ ಓದುಗರು ಅದೇ ಸಂಪುಟದಲ್ಲಿರುವ, 1955ರಲ್ಲಿ ಬರೆದ ‘ಥಾಟ್ಸ್ ಆನ್ ಲಿಂಗ್ವಿಸ್ಟಿಕ್ ಸ್ಟೇಟ್ಸ್’ ಅನ್ನೂ ತಪ್ಪದೆ ನೋಡಬೇಕು. ಒಂದು ರಾಜ್ಯಕ್ಕೆ ಒಂದು ಭಾಷೆ ಇರಲಿ ಎಂದು ಒಪ್ಪುತ್ತಲೇ, ಆ ರಾಜ್ಯದೊಳಗೆ ಸಂಖ್ಯೆಯಲ್ಲಿ ದೊಡ್ಡದಾದ ಜಾತಿಯೊಂದು ಚಿಕ್ಕ ಸಮುದಾಯಗಳ ಮೇಲೆ ಸವಾರಿ ಮಾಡುವ ಅಪಾಯವನ್ನು ಅಂಬೇಡ್ಕರ್ ಅಲ್ಲಿ ಚರ್ಚಿಸುತ್ತಾರೆ. ಭಾಷಾವಾರು ಪ್ರಾಂತ್ಯ ರಚನೆ ಜಾರಿಗೆ ಬಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು ಅದರ ಮರುವರ್ಷ, 1956ರ ನವೆಂಬರ್ 1ರಂದು.